ಒಂಟಿ ಗೇರಿನ ಸೈಕಲ್ (ಹಾನಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರು ಸೀಮೆ)

ಮುಂದೊಂದು ಹಲ್ಲುಚಕ್ರ, ಹಿಂದೊಂದು ಹಲ್ಲುಚಕ್ರ, ಎರಡನ್ನೂ ಕೂಡಿಸುವ ಒಂದು ಚೈನು. ಏರಿಗೆ ಬೇರೆ, ಇಳಿಜಾರಿಗೆ ಬೇರೆ ಎಂದು ಗೇರು ಬದಲಿಸಲು ಬಾರದ ಇಂಥ ಸೈಕಲ್ಲಿನಲ್ಲಿ ಎರಡು ಬಗೆ. ಹಿಂದಿನ ಗಾಲಿಗೆ ಫ್ರೀವೀಲ್ ಇದ್ದರೆ ಸವಾರ ತುಳಿಯುವುದನ್ನು ನಿಲ್ಲಿಸಿದರೂ ಸೈಕಲ್ ಉರುಳುತ್ತದೆ. ಫ್ರೀವೀಲ್ ಇಲ್ಲದೆ ಹಲ್ಲುಚಕ್ರವನ್ನು ಹಬ್ಬಿಗೇ ಬಿಗಿದಿದ್ದರೆ ಗಾಲಿ ಉರುಳುವಷ್ಟು ಹೊತ್ತೂ ಪೆಡಲು ತಿರುಗುತ್ತಿರುತ್ತದೆ. ಇದು ಫಿಕ್ಸೆಡ್ ಗೇರ್. ಹಾವೇರಿ ಜಿಲ್ಲೆಯ ಈ ನಾಲ್ಕು ತಾಲ್ಲೂಕುಗಳಲ್ಲಿ ಎರಡು ಮೂರು ತಲೆಮಾರುಗಳ ಕಾಲ ಸೈಕಲ್ ಎಂದರೆ ಮೊದಲನೆಯ ಬಗೆಯದೇ. ಒಂದೇ ಗೇರು ಸಾಕೆಂದು ಇಲ್ಲಿ ಯಾರೂ ಆರಿಸಿಕೊಂಡದ್ದಲ್ಲ, ಸಿಕ್ಕಿದ್ದೇ ಅದು. ಆರಿಸುವ ಜಾಣತನವೆಲ್ಲ ಬಿಡಿಭಾಗಗಳಲ್ಲಿತ್ತು. ಫ್ರೇಮಿನ ಮೇಲೆ ಯಾವ ಕಂಪನಿಯ ಹೆಸರಿದ್ದರೂ ಹೇರುವ ಹೊರೆ, ಓಡಾಡುವ ನೆಲ, ಸವಾರನ ಕಾಲಿನ ಉದ್ದ ನೋಡಿ ಸೈಕಲ್ಲನ್ನು ಕೊನೆಗೆ ರೂಪಿಸಿದವನು ಊರಿನ ಸೈಕಲ್ ಅಂಗಡಿಯವನು.

ಹಿನ್ನೆಲೆ

ಹ್ಯಾನ್ಸ್ ರೆನಾಲ್ಡ್ 1880ರಲ್ಲಿ ರೋಲರ್ ಚೈನನ್ನು ಮ್ಯಾಂಚೆಸ್ಟರಿನಲ್ಲಿ ರೂಪಿಸಿದ. 1885ರಲ್ಲಿ ಕೊವೆಂಟ್ರಿಯ ಜಾನ್ ಕೆಂಪ್ ಸ್ಟಾರ್ಲಿಯ ‘ರೋವರ್’ ಬಂತು, 1888ರಲ್ಲಿ ಡನ್ಲಪ್ಪನ ಗಾಳಿ ತುಂಬಿದ ಟೈರು. ಇಂದಿನ ಸೈಕಲ್ಲಿನ ಮೈಕಟ್ಟು ಈ ಮೂರರಿಂದಲೇ ಬಂದದ್ದು. ಆ ಮೊದಲ ಸೈಕಲ್ಲುಗಳೆಲ್ಲ ಫಿಕ್ಸೆಡ್ ಗೇರಿನವು. ಇಳಿಜಾರಿನಲ್ಲಿ ಸವಾರ ಪೆಡಲಿನಿಂದ ಕಾಲೆತ್ತಿ ಫೋರ್ಕಿನ ಮೇಲಿಡಬೇಕಿತ್ತು. 1900ರ ಆಸುಪಾಸಿನಲ್ಲಿ ಫ್ರೀವೀಲ್ ಬಳಕೆಗೆ ಬಂದ ಮೇಲೆ ಆ ಪಾಡು ತಪ್ಪಿತು. ಹಬ್ಬಿನೊಳಗೆ ಮೂರು ಗೇರು ಅಡಗಿಸುವ ಸ್ಟರ್ಮಿ-ಆರ್ಚರ್ ಕೂಡ ಮುಂದಿನ ಎರಡು ಮೂರು ವರ್ಷಗಳಲ್ಲೇ ಇಂಗ್ಲೆಂಡಿನಲ್ಲಿ ಮಾರಾಟಕ್ಕೆ ಬಂತು. ಆದರೆ ಭಾರತದ ಹಳ್ಳಿಯನ್ನು ಹೊಕ್ಕು ನೆಲೆನಿಂತದ್ದು ಫ್ರೀವೀಲಿನ ಒಂಟಿ ಗೇರು.

ಸೀಮೆಗೆ ಬಂದ ಬಗೆ

ಬ್ರಿಟಿಷರ ಕಾಲದಲ್ಲಿ ಹಾನಗಲ್ ಮುಂಬಯಿ ಪ್ರಾಂತ್ಯದ ಧಾರವಾಡ ಜಿಲ್ಲೆಯ ತಾಲ್ಲೂಕಾಗಿತ್ತು. ಶಿಗ್ಗಾವಿ ಆಗ ಬಂಕಾಪುರ ತಾಲ್ಲೂಕಿನ ಕೇಂದ್ರ; ಹಿರೇಕೆರೂರು ಕೋಡ ತಾಲ್ಲೂಕಿನ ಕೇಂದ್ರ. ಸವಣೂರು ನವಾಬರ ಸಂಸ್ಥಾನ. 1948ರಲ್ಲಿ ಮುಂಬಯಿ ರಾಜ್ಯದೊಳಗೆ ಸೇರಿತು. ಹುಬ್ಬಳ್ಳಿ–ಹರಿಹರ ರೈಲುದಾರಿ ಯಲವಿಗಿ, ಸವಣೂರುಗಳನ್ನು ಮುಟ್ಟಿ ಹಾವೇರಿಯ ಕಡೆಗೆ ಸಾಗುತ್ತದೆ. ಹಾನಗಲ್, ಶಿಗ್ಗಾವಿ, ಹಿರೇಕೆರೂರು ಪಟ್ಟಣಗಳಿಗೆ ರೈಲಿಲ್ಲ. ಈ ಸೀಮೆಯಲ್ಲಿ ಸೈಕಲ್ಲಿಗೆ ಬಂದ ಬೆಲೆಯನ್ನು ಈ ಒಂದು ಸಂಗತಿಯಿಂದಲೇ ಅಳೆಯಬಹುದು. ಬಸ್ಸು ದಿನಕ್ಕೊಂದೆರಡು ಬಾರಿ ಬಂದರೆ ಹೆಚ್ಚು ಎನ್ನುವ ಊರುಗಳಿಂದ ಅಕ್ಕಿಆಲೂರು, ತಿಳವಳ್ಳಿ, ಬಂಕಾಪುರ, ಹಂಸಭಾವಿ, ಚಿಕ್ಕೇರೂರುಗಳ ಪೇಟೆ ಮುಟ್ಟಲು ಆಗ ಇದ್ದದ್ದು ಚಕ್ಕಡಿ, ಇಲ್ಲವೆ ಕಾಲುನಡಿಗೆ. ಇವೆರಡರ ನಡುವಿನ ವೇಗ ಮೊದಲು ಕೈಗೆಟುಕಿದ್ದು ಸೈಕಲ್ಲಿನಿಂದ.

ಮೊದಲು ಬಂದವು ಇಂಗ್ಲೆಂಡಿನವು: ರ‍್ಯಾಲಿ, ಬಿಎಸ್‌ಎ, ಹಂಬರ್, ಹರ್ಕ್ಯುಲಸ್, ಫಿಲಿಪ್ಸ್. ಅಧಿಕಾರಿಗಳು, ಶಾಲಾ ಮಾಸ್ತರರು, ಅಂಚೆಯವರು, ಅನುಕೂಲಸ್ಥ ಒಕ್ಕಲಿಗರು ಇವನ್ನು ಏರಿದರು. 1942ರಲ್ಲಿ ಜಪಾನ್ ಮಲಯವನ್ನು ಹಿಡಿದಾಗ ರಬ್ಬರಿನ ಅಭಾವ ಜಗತ್ತನ್ನೇ ಕಾಡಿತು. ಹಳೆಯ ಟೈರಿಗೆ ತೇಪೆ ಹಾಕಿ ಓಡಿಸುವ ಕಲೆಗೆ ಆ ವರ್ಷಗಳು ಪಾಠಶಾಲೆಯಾದವು. ಸ್ವಾತಂತ್ರ್ಯದ ನಂತರ ವಿದೇಶಿ ಮಾಲು ವಿರಳವಾಗಿ ದೇಶಿ ಸೈಕಲ್ ಬಂತು. 1949ರಲ್ಲಿ ಮದ್ರಾಸಿನ ಟಿ.ಐ. ಸೈಕಲ್ಸ್, 1951ರಲ್ಲಿ ಸೋನಿಪತದ ಅಟ್ಲಾಸ್, 1956ರಲ್ಲಿ ಲೂಧಿಯಾನದ ಹೀರೋ ಹುಟ್ಟಿದವು. ಮುಂಜಾಲ್ ಸಹೋದರರು ಹೀರೋ ಕಟ್ಟುವ ಮುನ್ನ ಸೈಕಲ್ ಬಿಡಿಭಾಗಗಳ ವ್ಯಾಪಾರಿಗಳಾಗಿದ್ದರೆಂಬುದು ಈ ಲೇಖನದ ವಿಷಯಕ್ಕೆ ಮುಖ್ಯ. ಲೂಧಿಯಾನದ ಸಣ್ಣಪುಟ್ಟ ಕಾರ್ಖಾನೆಗಳು ಹಬ್ಬು, ಚೈನು, ಪೆಡಲು, ಫ್ರೀವೀಲುಗಳನ್ನು ಬಿಡಿಬಿಡಿಯಾಗಿ, ಒಂದರದ್ದು ಇನ್ನೊಂದಕ್ಕೆ ಕೂಡುವ ಅಳತೆಯಲ್ಲಿ ಮಾಡಿದ್ದರಿಂದಲೇ ಹಳ್ಳಿಯ ಅಂಗಡಿಯಲ್ಲಿ ಹರ್ಕ್ಯುಲಸ್ ಫ್ರೇಮಿಗೆ ಬೇರೊಂದು ಕಂಪನಿಯ ಗಾಲಿ ಕೂರಿಸುವುದು ಸಾಧ್ಯವಾಯಿತು.

ಸೈಕಲ್ ಆಸ್ತಿಯೂ ಆಗಿತ್ತು. ಪುರಸಭೆಗಳು ಅದಕ್ಕೆ ವರ್ಷದ ತೆರಿಗೆ ಹಾಕಿ ಲೋಹದ ಬಿಲ್ಲೆ ಕೊಡುತ್ತಿದ್ದವು. ರಾತ್ರಿ ದೀಪವಿಲ್ಲದೆ ಹೋದರೆ ದಂಡ ಬೀಳುತ್ತಿತ್ತು. ಚಿಮಣಿ ದೀಪ ಹೋಗಿ ಡೈನಮೊ ಬರಲು ಇದೂ ಒಂದು ಕಾರಣ.

ಭಾಗಗಳ ಆಯ್ಕೆ

ಹೊಸ ಸೈಕಲ್ ಪೂರ್ತಿ ಜೋಡಣೆಯಾಗಿ ಬರುತ್ತಿರಲಿಲ್ಲ, ಈಗಲೂ ಬರುವುದಿಲ್ಲ. ಭಾಗಗಳು ಬಿಚ್ಚಿದ ಸ್ಥಿತಿಯಲ್ಲಿ ಅಂಗಡಿಗೆ ಬಂದು ಅಲ್ಲಿ ಫಿಟ್ಟಿಂಗ್ ಆಗುತ್ತವೆ. ಕ್ಯಾರಿಯರ್, ಸ್ಟ್ಯಾಂಡು, ಬೆಲ್ಲು, ಲಾಕು, ಚೈನ್ ಕವರು, ಡೈನಮೊಗಳಿಗೆ ಬೇರೆ ದುಡ್ಡು. ಕೊಳ್ಳುವವನು ಅಂಗಡಿಯ ಕಟ್ಟೆಯ ಮೇಲೆ ಕೂತು ಒಂದೊಂದನ್ನೂ ಕೈಯಲ್ಲಿ ತೂಗಿ ನೋಡಿ ಆರಿಸುತ್ತಿದ್ದ.

ಮೊದಲ ಪ್ರಶ್ನೆ ಫ್ರೇಮಿನದು: 22 ಇಂಚೋ 24 ಇಂಚೋ. ಎತ್ತರದ ಆಳು 24 ಕೇಳಿದರೆ ಮನೆಯವರೆಲ್ಲ ಓಡಿಸಬೇಕಾದ ಸೈಕಲ್ಲಿಗೆ 22 ಸರಿ. ಹೊರೆ ಹೇರುವವರು ಮೇಲೆ ಎರಡು ಅಡ್ಡಕೊಳವೆ ಇರುವ ಡಬಲ್ ಬಾರಿನ ಫ್ರೇಮನ್ನು ಬಯಸುತ್ತಿದ್ದರು. ಮುಂದಿನ ಅಚ್ಚಿನಿಂದ ಹ್ಯಾಂಡಲಿನವರೆಗೆ ಎರಡು ಕಬ್ಬಿಣದ ಸಲಾಕೆ ಕೊಟ್ಟು ಫೋರ್ಕು ಬಾಗದಂತೆ ಮಾಡುವುದೂ ಉಂಟು. ಈ ಹಳೆಯ ಮಾದರಿಯ ಕರಿಯ ಸೈಕಲ್ಲುಗಳಲ್ಲಿ ಫೋರ್ಕು ಮುಂದಕ್ಕೆ ಚಾಚಿಕೊಂಡಿರುತ್ತದೆ. ಓಟಕ್ಕೆ ಅದು ಚುರುಕಲ್ಲ; ಆದರೆ ಗಾಡಿಜಾಡಿನ ತಗ್ಗುದಿಣ್ಣೆಗಳ ಹೊಡೆತವನ್ನು ಸವಾರನ ಮೊಣಕೈಗೆ ಮುಟ್ಟುವ ಮೊದಲೇ ಒಂದಿಷ್ಟು ನುಂಗಿಬಿಡುತ್ತದೆ.

ಗಾಲಿ 28 ಇಂಚಿನದು, ಟೈರಿನ ದಪ್ಪ ಒಂದೂವರೆ ಇಂಚು. ಮುಂದಿನ ಗಾಲಿಗೆ 32 ಕಡ್ಡಿ, ಹಿಂದಿನದಕ್ಕೆ 40. ಸವಾರನ ತೂಕದ ಬಹುಪಾಲು, ಕ್ಯಾರಿಯರಿನ ಹೊರೆ, ಚೈನಿನ ಎಳೆತ ಎಲ್ಲವೂ ಹಿಂದಿನ ಗಾಲಿಯ ಮೇಲೆ ಬೀಳುವುದರಿಂದ ಈ ಲೆಕ್ಕ. ಹಬ್ಬಿಗೆ ಕಡ್ಡಿ ಪೋಣಿಸಿ, ಒಂದರ ಮೇಲೊಂದು ದಾಟಿಸಿ, ರಿಮ್ಮಿನ ನಿಪ್ಪಲ್ಲುಗಳನ್ನು ಕಾಲು ಸುತ್ತು, ಅರ್ಧ ಸುತ್ತು ತಿರುಗಿಸಿ ಔಟ್ ತೆಗೆಯುವುದು ಸೈಕಲ್ ಕಟ್ಟುವ ಕೆಲಸದಲ್ಲೇ ಅತ್ಯಂತ ಕಷ್ಟದ್ದು. ಯಂತ್ರವಿಲ್ಲ, ಫೋರ್ಕಿಗೆ ಬೆರಳೋ ಸೀಮೆಸುಣ್ಣವೋ ಹಿಡಿದು, ತಿರುಗುವ ರಿಮ್ಮು ಎಲ್ಲಿ ತಾಗುತ್ತದೆಂದು ನೋಡುವುದು. ಎಡಕ್ಕೆ ವಾಲಿದರೆ ಬಲಗಡೆಯ ಕಡ್ಡಿ ಬಿಗಿ, ಎಡಗಡೆಯದು ಸಡಿಲ. ಒಳ್ಳೆಯ ಕೈ ಕಟ್ಟಿದ ಗಾಲಿ ಎರಡು ಚೀಲ ಭತ್ತ ಹೊತ್ತ ಮೇಲೂ ಸೊಟ್ಟಾಗುವುದಿಲ್ಲ. ಕಾರ್ಖಾನೆಯಲ್ಲಿ ಅವಸರದಲ್ಲಿ ಕಟ್ಟಿದ ಗಾಲಿಗಿಂತ ಇದು ಎಷ್ಟೋ ಮೇಲು ಎಂದು ಈ ಸೀಮೆಯ ಹಾಲಿನವರು ನಂಬಿದ್ದರಲ್ಲಿ ತಪ್ಪೇನೂ ಇರಲಿಲ್ಲ.

ಇನ್ನು ಗೇರು. ಒಂದೇ ಗೇರಿನ ಸೈಕಲ್ಲಿನಲ್ಲಿ ಹಲ್ಲಿನ ಲೆಕ್ಕವೇ ಅದರ ಸ್ವಭಾವ. 28ರ ಗಾಲಿ ಒಂದು ಸುತ್ತಿಗೆ ಸುಮಾರು 2.2 ಮೀಟರು ಹೋಗುತ್ತದೆ. ಮುಂದೆ 44 ಹಲ್ಲು, ಹಿಂದೆ 18 ಹಲ್ಲು ಇದ್ದರೆ ಪೆಡಲಿನ ಒಂದು ಸುತ್ತಿಗೆ ಸುಮಾರು 5.4 ಮೀಟರು. ಮುಂದಿನದು 48 ಆದರೆ 5.9 ಮೀಟರಿಗೆ ಏರುತ್ತದೆ. ಸಮತಟ್ಟು ದಾರಿಯಲ್ಲಿ ಹಿತ, ಏರಿನಲ್ಲಿ ಕಾಲು ಸೋಲುತ್ತದೆ. 44 ಹಾಗೇ ಇಟ್ಟು ಹಿಂದೆ 20 ಹಲ್ಲಿನ ಫ್ರೀವೀಲ್ ಹಾಕಿದರೆ ಸುತ್ತಿಗೆ 4.8 ಮೀಟರು, ಕಾಲಿನ ಭಾರ ಸುಮಾರು ಹತ್ತನೇ ಒಂದು ಭಾಗ ಇಳಿಯುತ್ತದೆ. ಹಾನಗಲ್ಲಿನ ಪಶ್ಚಿಮಕ್ಕೆ ಮಲೆನಾಡಿನ ಸೆರಗು, ಅಲ್ಲಿ ದಾರಿ ಏರಿಳಿಯುತ್ತದೆ. ಹಿರೇಕೆರೂರಿನ ದಕ್ಷಿಣದ ಗುಡ್ಡಸಾಲೂ ಹಾಗೆಯೇ. ಅಂಥಲ್ಲಿ ಹೊರೆ ಹೊರುವ ಸೈಕಲ್ಲಿಗೆ ದೊಡ್ಡ ಫ್ರೀವೀಲೇ ಸರಿ. ಸವಣೂರಿನ ಎರೆಬಯಲಲ್ಲಿ 18 ಸಾಕು. ಎರಡು ಹಲ್ಲಿನ ಅಂತರದಲ್ಲಿ ಇಡೀ ಸೀಮೆಯ ಭೂಗೋಳ ಅಡಗಿದೆ.

ಎರೆ ನೆಲದ ತೊಂದರೆ ಬೇರೆಯೇ. ಮಳೆ ಬಿದ್ದ ಕಪ್ಪು ಮಣ್ಣು ಟೈರಿಗೆ ಮೆತ್ತಿಕೊಂಡು ಮಡ್‌ಗಾರ್ಡಿನೊಳಗೆ ತುಂಬಿ ಗಾಲಿಯನ್ನೇ ಕಚ್ಚಿಹಿಡಿಯುತ್ತದೆ. ಮಳೆಗಾಲದಲ್ಲಿ ಮಡ್‌ಗಾರ್ಡು ಬಿಚ್ಚಿಡುವವರೂ, ಗಾಲಿಗೂ ಮಡ್‌ಗಾರ್ಡಿಗೂ ನಡುವೆ ಹೆಚ್ಚು ಸಂದು ಬಿಡಿಸಿಕೊಳ್ಳುವವರೂ ಇದ್ದರು. ಸಂದಿನ ಮಣ್ಣು ಕೆರೆಯಲು ಒಂದು ಕಡ್ಡಿ ಕ್ಯಾರಿಯರಿನಲ್ಲಿ ಇರುತ್ತಿತ್ತು. ಹಾನಗಲ್ ಕಡೆ ಕಾಡುವುದು ಮಳೆಯೇ. ಸಲಾಕೆ ಬ್ರೇಕಿನ ರಬ್ಬರು ಒದ್ದೆಯಾದ ಉಕ್ಕಿನ ರಿಮ್ಮನ್ನು ಸರಿಯಾಗಿ ಹಿಡಿಯುವುದಿಲ್ಲ. ಪೂರ್ತಿ ಮುಚ್ಚಿದ ಚೈನ್ ಕವರು ಧೋತರ ಉಡುವವರಿಗೆ ಬೇಕೇ ಬೇಕಿತ್ತು: ಚುಂಗು ಚೈನಿಗೆ ಸಿಕ್ಕಿದರೆ ಸವಾರ ನೆಲಕ್ಕೆ. ಚೈನಿಗೂ ಅದರಿಂದ ಧೂಳು ತಪ್ಪುತ್ತದೆ.

ಚೈನು, ಮುಂದಿನ ಹಲ್ಲುಚಕ್ರ, ಫ್ರೀವೀಲ್ ಮೂರೂ ಕೂಡಿಯೇ ಸವೆಯುತ್ತವೆ. ಜೋಲಾದ ಚೈನು ಹಲ್ಲನ್ನೂ ತಿನ್ನುತ್ತದೆ. ಹೊಸ ಚೈನನ್ನು ಸವೆದ ಹಲ್ಲಿನ ಮೇಲೆ ಹಾಕಿದರೆ ಏರಿನಲ್ಲಿ ಜಾರುತ್ತದೆ. ಮೂರನ್ನೂ ಒಟ್ಟಿಗೆ ಬದಲಿಸಿ ಎಂದು ಅಂಗಡಿಯವರು ಹೇಳುವುದು ವ್ಯಾಪಾರದ ಮಾತಲ್ಲ, ಸರಿಯಾದ ಮಾತು. ಪೆಡಲಿನ ತೋಳನ್ನು ಅಚ್ಚಿಗೆ ಬಿಗಿಯುವ ಕಾಟರ್ ಪಿನ್ನಿಗೂ ಇಂಥದೇ ಎಚ್ಚರ ಬೇಕು. ಸುತ್ತಿಗೆಯಿಂದ ಹೊಡೆದು ಕೂರಿಸಿ ನಟ್ಟು ಬಿಗಿಯಬೇಕು, ಬರೇ ನಟ್ಟಿನ ಬಲದಿಂದ ಅದನ್ನು ಎಳೆದುಕೊಳ್ಳಬಾರದು. ಪಿನ್ನು ಸವೆದರೆ ಕಾಲಿಟ್ಟಾಗಲೆಲ್ಲ ಕಟಕ್ ಎನ್ನುತ್ತದೆ.

ಅಂಗಡಿ

ಸೈಕಲ್ ಕೊಳ್ಳಲಾಗದವರಿಗೂ ಸೈಕಲ್ ದಕ್ಕಿದ್ದು ತಾಸಿನ ಬಾಡಿಗೆಯಿಂದ. ಮಡ್‌ಗಾರ್ಡಿನ ಮೇಲೆ ನಂಬರು ಬರೆದ ಸೈಕಲ್ಲುಗಳು ಸಾಲಾಗಿ ನಿಂತಿರುತ್ತಿದ್ದವು. ಒಯ್ದವರ ಹೆಸರು, ಹೊತ್ತು ಪುಸ್ತಕದಲ್ಲಿ. ಮಕ್ಕಳು ಸೀಟು ಎಟುಕದೆ ಅಡ್ಡಕೊಳವೆಯ ಕೆಳಗಿಂದ ಕಾಲು ತೂರಿಸಿ ಕಲಿತದ್ದು ಈ ಬಾಡಿಗೆಯ ಸೈಕಲ್ಲುಗಳ ಮೇಲೆಯೇ. ಬಿದ್ದು ಬಾಗಿದ ಪೆಡಲು, ಸೊಟ್ಟಾದ ಹ್ಯಾಂಡಲು ರಿಪೇರಿಯಾಗಿ ಮರುದಿನ ಮತ್ತೆ ಬಾಡಿಗೆಗೆ. ಸೊಲ್ಯೂಷನ್, ವಾಲ್‌ಟ್ಯೂಬು, ನೀರಿನ ಬುಟ್ಟಿ, ಕೈಪಂಪು, ಗ್ರೀಸ್ ಮೆತ್ತಿದ ಬಾಲ್ಸಿನ ಡಬ್ಬಿ ಇಷ್ಟೇ ಬಂಡವಾಳ. ವರ್ಷಕ್ಕೊಮ್ಮೆ ಓವರ್‌ಹಾಲಿಂಗ್: ಎಲ್ಲ ಬಿಚ್ಚಿ, ಸೀಮೆಎಣ್ಣೆಯಲ್ಲಿ ತೊಳೆದು, ಸವೆದ ಬಾಲ್ಸು ಬದಲಿಸಿ, ಹೊಸ ಗ್ರೀಸು ತುಂಬುವುದು. ಸವಣೂರಿನ ವೀಳ್ಯದೆಲೆಯ ಬುಟ್ಟಿ, ಹಾಲಿನ ಕ್ಯಾನು, ಮೇವಿನ ಹೊರೆ, ಐಸ್‌ಕ್ಯಾಂಡಿಯ ಪೆಟ್ಟಿಗೆ, ಸಾಣೆ ಹಿಡಿಯುವವರ ಕಲ್ಲು, ಹೀಗೆ ಒಂದೊಂದು ಕಸುಬಿಗೂ ಕ್ಯಾರಿಯರಿನ ಅಗಲ, ಸ್ಟ್ಯಾಂಡಿನ ಗಟ್ಟಿತನ ಬೇರೆ. ಈ ಬದಲಾವಣೆಗಳನ್ನು ಬೆಸುಗೆಯವರೂ ಕಮ್ಮಾರರೂ ಸೈಕಲ್ ಅಂಗಡಿಯವರ ಜೊತೆ ಕೂಡಿ ಮಾಡಿದರು. ಅವರ ಹೆಸರುಗಳು ಯಾವ ಪುಸ್ತಕದಲ್ಲೂ ದಾಖಲಾಗದಿರುವುದು ನಮ್ಮ ಕಸುಬುಗಳ ಇತಿಹಾಸದ ದೊಡ್ಡ ಕೊರತೆ.

ಫಿಕ್ಸೆಡ್ ಗೇರ್

ಈ ಭಾಗದ ಹಳ್ಳಿಗರು ಫಿಕ್ಸೆಡ್ ಗೇರನ್ನು ಹತ್ತಿರದಿಂದ ಕಂಡದ್ದು ಸೈಕಲ್ ಸರ್ಕಸ್ಸಿನಲ್ಲಿ. ಊರ ಬಯಲಲ್ಲಿ ಹಗಲು ರಾತ್ರಿ ಸೈಕಲ್ಲಿನಿಂದ ಇಳಿಯದೆ ಸುತ್ತು ಹಾಕುತ್ತ, ನಡುನಡುವೆ ಕಸರತ್ತು ತೋರಿಸುವ ಆಟ ಅದು. ಹಿಮ್ಮುಖವಾಗಿ ತುಳಿಯುವ ಕಸರತ್ತಿಗೆ ಫ್ರೀವೀಲ್ ಆಗದು. ಫ್ರೀವೀಲಿನೊಳಗಿನ ಸಣ್ಣ ಕೊಕ್ಕೆಗಳು ಮುಂದಕ್ಕೆ ತುಳಿದಾಗ ಮಾತ್ರ ಹಲ್ಲಿಗೆ ಸಿಕ್ಕಿ ಗಾಲಿಯನ್ನು ತಿರುಗಿಸುತ್ತವೆ, ಹಿಂದಕ್ಕೆ ತುಳಿದರೆ ಕಟಕಟ ಜಾರುತ್ತವೆ. ಆ ಕೊಕ್ಕೆಗಳನ್ನು ಬೆಸುಗೆಯಿಂದ ಕಟ್ಟಿಹಾಕಿದರೆ ಅದೇ ಫ್ರೀವೀಲ್ ಫಿಕ್ಸೆಡ್ ಆಗುತ್ತದೆ. ಆದರೆ ಹಿಂದಕ್ಕೆ ಜೋರಾಗಿ ಒತ್ತಿದಾಗ ಅದು ಹಬ್ಬಿನ ಥ್ರೆಡ್ಡಿನಿಂದ ಬಿಚ್ಚಿಕೊಳ್ಳುವ ಅಪಾಯವಿದೆ. ಓಟದ ಸೈಕಲ್ಲಿನ ಹಬ್ಬಿನಲ್ಲಿ ಇದಕ್ಕೆಂದೇ ಎಡಕ್ಕೆ ತಿರುಗಿಸಿ ಬಿಗಿಯುವ ಲಾಕ್ ರಿಂಗ್ ಇರುತ್ತದೆ. ರಸ್ತೆಯಲ್ಲಿ ಓಡಿಸಲು ಬೆಸುಗೆಯ ಉಪಾಯ ತರವಲ್ಲ. ಸರಿಯಾದ ಹಬ್ಬು, ಮುಂದೊಂದು ಬ್ರೇಕು ಇಲ್ಲದೆ ಫಿಕ್ಸೆಡ್ ಗೇರಿನ ಸೈಕಲ್ ರಸ್ತೆಗಿಳಿಯಬಾರದು.

ಟ್ರ್ಯಾಕ್ ಸೈಕ್ಲಿಂಗಿನಲ್ಲಿ ಮಾತ್ರ ನಿಯಮವೇ ಬೇರೆ: ಒಂದೇ ಸ್ಥಿರ ಗೇರು, ಬ್ರೇಕು ಇರಕೂಡದು. ಇಳಿಜಾರಾದ ಗೋಡೆಯಂಥ ಟ್ರ್ಯಾಕಿನಲ್ಲಿ ಯಾರಾದರೂ ಹಠಾತ್ತನೆ ನಿಂತರೆ ಹಿಂದಿನವರಿಗೆ ಅಪಾಯ ಎಂಬುದೇ ಕಾರಣ. ಈ ಕ್ರೀಡೆಯಲ್ಲಿ ಉತ್ತರ ಕರ್ನಾಟಕದ ಹೆಸರು ದೊಡ್ಡದು. ವಿಜಯಪುರ, ಬಾಗಲಕೋಟೆ, ಜಮಖಂಡಿ, ಗದಗ ಕಡೆಯ ಹುಡುಗ ಹುಡುಗಿಯರು ರಾಷ್ಟ್ರೀಯ ಕೂಟಗಳಲ್ಲಿ ಪದಕ ಗೆಲ್ಲುತ್ತ ಬಂದಿದ್ದಾರೆ. ಬಾಗಲಕೋಟೆ ಜಿಲ್ಲೆಯ ವೆಂಕಪ್ಪ ಕೆಂಗಲಗುತ್ತಿ 2022ರ ಬರ್ಮಿಂಗ್‌ಹ್ಯಾಂ ಕಾಮನ್‌ವೆಲ್ತ್ ಕ್ರೀಡಾಕೂಟದ ಭಾರತ ತಂಡದಲ್ಲಿದ್ದರು. ಇವರಲ್ಲಿ ಅನೇಕರು ಒಕ್ಕಲುತನದ ಮನೆಗಳವರು. ಹಾವೇರಿ ಜಿಲ್ಲೆಯ ಈ ತಾಲ್ಲೂಕುಗಳಲ್ಲಿ ಅಂಥ ಟ್ರ್ಯಾಕಿಲ್ಲ, ಆದರೆ ಶಾಲೆಗೆ ದಿನವೂ ಸೈಕಲ್ ತುಳಿಯುವ ಮಕ್ಕಳಿಗೇನೂ ಬರವಿಲ್ಲ.

ಇತ್ತೀಚಿನ ದಶಕಗಳು

ಮೋಟರ್ ಸೈಕಲ್ ಅಗ್ಗವಾದಂತೆ 1990ರ ದಶಕದಿಂದ ಕರಿಯ ಸೈಕಲ್ಲಿನ ಬಳಕೆ ಇಳಿಯಿತು. ದಪ್ಪ ಟೈರಿನ, ಬಣ್ಣದ ಹೀರೋ ರೇಂಜರಿನಂಥವು ಹುಡುಗರ ಕೈಗೆ ಬಂದವು. ಅವೂ ಹೆಚ್ಚಾಗಿ ಒಂಟಿ ಗೇರಿನವೇ. ಇದರ ನಡುವೆ 2006-07ರಲ್ಲಿ ರಾಜ್ಯ ಸರ್ಕಾರ ಎಂಟನೆಯ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡತೊಡಗಿತು. ಪ್ರೌಢಶಾಲೆ ಇಲ್ಲದ ಊರುಗಳಿಂದ ಹುಡುಗಿಯರು ಗುಂಪಾಗಿ ಸೈಕಲ್ ತುಳಿದು ಪಕ್ಕದೂರಿಗೆ ಹೋಗುವುದು ಈ ಯೋಜನೆಯಿಂದ ಸಹಜವಾಯಿತು. ಈ ಸೀಮೆಯಲ್ಲಿ ಸೈಕಲ್ ಮಾಡಿದ ಕೆಲಸಗಳಲ್ಲಿ ಇದಕ್ಕೇ ಮೊದಲ ಸ್ಥಾನ ಕೊಡಬೇಕು. ಹುಡುಗಿಯರಿಗಾಗಿ ಅಡ್ಡಕೊಳವೆ ಇಲ್ಲದ ಫ್ರೇಮು, ಒಂದೇ ಗೇರು, ಗಟ್ಟಿ ಕ್ಯಾರಿಯರ್ ಇರುವ ಈ ಸೈಕಲ್ಲಿಗೆ ಕೆಟ್ಟರೆ ಹಳ್ಳಿಯಲ್ಲೇ ಭಾಗ ಸಿಗುತ್ತದೆ. ಗೇರಿನ ಸೈಕಲ್ ಕೊಟ್ಟಿದ್ದರೆ ಮೊದಲ ಮಳೆಗಾಲದಲ್ಲೇ ಅರ್ಧ ಮೂಲೆ ಸೇರುತ್ತಿದ್ದವು.

ಅಟ್ಲಾಸ್ ಕಂಪನಿಯ ಸಾಹಿಬಾಬಾದ್ ಕಾರ್ಖಾನೆ 2020ರ ಜೂನ್ 3ರಂದು, ವಿಶ್ವ ಸೈಕಲ್ ದಿನದಂದೇ, ಕೆಲಸ ನಿಲ್ಲಿಸಿತು. ಆದರೂ 28ರ ಟೈರು, 40 ಕಡ್ಡಿಯ ಹಬ್ಬು, 18 ಹಲ್ಲಿನ ಫ್ರೀವೀಲ್ ಕೇಳಿದರೆ ತಾಲ್ಲೂಕು ಕೇಂದ್ರಗಳ ಅಂಗಡಿಗಳಲ್ಲಿ ಸಿಗುತ್ತವೆ, ಇಲ್ಲವಾದರೆ ಹುಬ್ಬಳ್ಳಿಯಿಂದ ತರಿಸಿಕೊಡುತ್ತಾರೆ. ಓಡಿಸಲು ಬಾರದಷ್ಟು ಹಳತಾದ ಸೈಕಲ್ ಹೊಲಕ್ಕೆ ಹೋಗುತ್ತದೆ. ಅದರ ಮುಂದಿನ ಗಾಲಿ, ಫೋರ್ಕು, ಹ್ಯಾಂಡಲುಗಳಿಗೆ ಕಬ್ಬಿಣದ ಚೌಕಟ್ಟು ಬೆಸೆದು ಕುಡ ಕಟ್ಟಿದರೆ ಸೈಕಲ್ ಎಡೆಕುಂಟೆ ಸಿದ್ಧ. ಗೋವಿನಜೋಳ, ಹತ್ತಿ, ಸೋಯಾ ಸಾಲುಗಳ ನಡುವೆ ಎತ್ತಿಲ್ಲದೆ ಒಬ್ಬನೇ ತಳ್ಳಿಕೊಂಡು ಕಳೆ ತೆಗೆಯಬಹುದು. ಹಾವೇರಿ, ಗದಗ, ಧಾರವಾಡ ಜಿಲ್ಲೆಗಳ ಸಣ್ಣ ಹಿಡುವಳಿದಾರರಲ್ಲಿ ಇದು ಬಳಕೆಯಲ್ಲಿದೆ. ಇದಕ್ಕೆ ಬೇಡವಾದ ಫ್ರೀವೀಲ್, ಪೆಡಲು, ಹಿಂದಿನ ಗಾಲಿ ಅಂಗಡಿಗೆ ಮರಳಿ ಬೇರೆ ಸೈಕಲ್ಲುಗಳ ರಿಪೇರಿಗೆ ಒದಗುತ್ತವೆ.