ಬೈಗುಳ

ಬೈಗುಳ (ನಾಮಪದ): ನಿಂದೆಯ ಮಾತು. ಮೂಲ ‘ಬಯ್’ ಎಂಬ ಧಾತು. ತಮಿಳಿನಲ್ಲಿ ಇದರ ಸೋದರ ರೂಪ ‘ವೈ’. ತಮಿಳಿನ ‘ವಾ’, ‘ವೇರ್’ಗಳಿಗೆ ಕನ್ನಡದ ‘ಬಾ’, ‘ಬೇರು’ ಹೊಂದುವಂತೆ ಇಲ್ಲಿಯೂ ವಕಾರಕ್ಕೆ ಬಕಾರ.

ಬಳಕೆಯಲ್ಲಿ ಇದರ ಹರವು ದೊಡ್ಡದು. ‘ಬೈದು ಹೇಳುವವರು ಬದುಕಲಿಕ್ಕೆ ಹೇಳುತ್ತಾರೆ’ ಎಂಬ ಗಾದೆಯಲ್ಲಿ ಬೈಯುವುದು ಹಿರಿಯರ ಅಕ್ಕರೆ. ಪೊಲೀಸ್ ದೂರಿನ ‘ಅವಾಚ್ಯ ಶಬ್ದಗಳಿಂದ ನಿಂದಿಸಿ’ ಎಂಬ ಒಕ್ಕಣೆಯಲ್ಲಿ ಅದು ಅಪರಾಧ.

ಸಿನಿಮಾ ಸಂಭಾಷಣೆ ಬರೆಯುವವರು ಈ ಹರವನ್ನು ಅರಿತಿರಬೇಕು. ರಾಮ್ ರೆಡ್ಡಿ ನಿರ್ದೇಶನದ ‘ತಿಥಿ’ (2015) ಇದಕ್ಕೆ ಒಳ್ಳೆಯ ಉದಾಹರಣೆ. ಅದರ ಆರಂಭದಲ್ಲಿ ಶತಾಯುಷಿ ಸೆಂಚುರಿ ಗೌಡ ಬೀದಿಬದಿ ಕೂತು ಹೋಗಿ ಬರುವವರನ್ನೆಲ್ಲ ಬೈಯುತ್ತಾನೆ. ತುಸು ಹೊತ್ತಿಗೇ ಸಾಯುತ್ತಾನೆ. ಆ ಮಂಡ್ಯ ಸೀಮೆಯ ಬೈಗುಳದಲ್ಲಿ ಅವನ ವಯಸ್ಸು, ಸಲಿಗೆ, ಊರಿನ ಮೇಲೆ ಅವನಿಗಿರುವ ಹಕ್ಕು ಎಲ್ಲವೂ ಇವೆ. ಅದನ್ನು ತೆಗೆದರೆ ಪಾತ್ರವೇ ಉಳಿಯದು.

ಆದರೆ ಎಲ್ಲ ಪಾತ್ರಗಳೂ ಒಂದೇ ಬೈಗುಳವನ್ನು ಮಾತುಮಾತಿಗೂ ಆಡಿದರೆ ಅದು ಉಪ್ಪು ಹೆಚ್ಚಾದ ಸಾರು. ಸಿಟ್ಟು, ನೋವು, ಸಲಿಗೆ ಯಾವುದರ ರುಚಿಯೂ ಬೇರೆಯಾಗಿ ತಿಳಿಯದು. ಮೇಲಾಗಿ, ನಮ್ಮ ಬೈಗುಳಗಳಲ್ಲಿ ಬಹುಪಾಲು ತಾಯಿಯ ಮೇಲೆ, ಹೆಣ್ಣಿನ ಮೇಲೆ, ಜಾತಿಯ ಮೇಲೆ ಬೀಳುತ್ತವೆ. ಯಾರ ಬಾಯಿಂದ, ಯಾರ ಮೇಲೆ, ಯಾಕೆ ಎಂಬ ಮೂರು ಪ್ರಶ್ನೆಗಳಿಗೆ ಉತ್ತರವಿದ್ದಾಗ ಬೈಗುಳ ಸಂಭಾಷಣೆಗೆ ಬಲ. ಇಲ್ಲದಿದ್ದರೆ ಅದು ಬರವಣಿಗೆಯ ಸೋಮಾರಿತನ.