ತಂತಿಯ ಲೆಕ್ಕ, ದಾರಿಯ ಲೆಕ್ಕ

ವಾಚಕರೇ, ಯಾದಗಿರಿ, ಅದರ ನೆರೆಯ ಮುದನಾಳ, ಶಹಾಪುರ, ಸುರಪುರ ಈ ನಾಲ್ಕು ಊರುಗಳನ್ನು ತಂತಿಯಿಂದ ಕೂಡಿಸಬೇಕಾಗಿದೆಯೆಂದು ಭಾವಿಸಿರಿ. ಮುದನಾಳದಿಂದ ಯಾದಗಿರಿಗೆ ಖರ್ಚು 1, ಯಾದಗಿರಿಯಿಂದ ಶಹಾಪುರಕ್ಕೆ 3, ಶಹಾಪುರದಿಂದ ಸುರಪುರಕ್ಕೆ 2, ಯಾದಗಿರಿಯಿಂದ ಸುರಪುರಕ್ಕೆ ನೇರವಾಗಿ 4. ಅಂಕೆಗಳು ನನ್ನ ಕಲ್ಪನೆಯವು. ಇಲಾಖೆಯ ಕಡತ ಹುಡುಕುವ ಶ್ರಮ ಬೇಡ. ಒಟ್ಟು ಖರ್ಚು ಕನಿಷ್ಠವಾಗುವುದು ಹೇಗೆ?

ಇಂಥ ಪ್ರಶ್ನೆಗೆ ಗಣಿತದ ಉತ್ತರವನ್ನು 1926ರಲ್ಲಿ ಕೊಟ್ಟವರು ಚೆಕೊಸ್ಲೊವಾಕಿಯಾದ ಓಟಕಾರ್ ಬೊರೂಫ್ಕಾ. ಮೊರಾವಿಯಾ ಪ್ರಾಂತಕ್ಕೆ ವಿದ್ಯುತ್ತನ್ನು ಒಯ್ಯುವ ಯೋಚನೆಯಿಂದ ಅದು ಹುಟ್ಟಿತು. 1956ರಲ್ಲಿ ಅಮೆರಿಕದ ಜೋಸೆಫ್ ಕ್ರಸ್ಕಲ್ ಹೇಳಿದ ವಿಧಿಯಂತೂ ಯಾವ ಜಿಪುಣನೂ ಒಪ್ಪುವಂಥದು. ಅಗ್ಗದ ತಂತಿಯಿಂದ ಆರಂಭಿಸಿ ಒಂದೊಂದನ್ನೇ ಆರಿಸುತ್ತ ಹೋಗಬೇಕು. ಆಗಲೇ ಕೂಡಿರುವ ಊರುಗಳನ್ನು ಮತ್ತೆ ಕೂಡಿಸುವ ತಂತಿಯನ್ನು ಬಿಡಬೇಕು. ನಮ್ಮಲ್ಲಿ 1, 2, 3 ಉಳಿದು 4 ಬಿದ್ದುಹೋಗುತ್ತದೆ. ಮೊತ್ತ 6.

ಅದೇ 1956ರಲ್ಲಿ ಆಮ್‌ಸ್ಟರ್‌ಡ್ಯಾಮಿನ ತರುಣ ಎಡ್ಸ್ಗರ್ ಡೈಕ್‌ಸ್ಟ್ರಾ ಇದರ ಒಡಹುಟ್ಟಿನಂತೆ ಕಾಣುವ ಬೇರೊಂದು ಪ್ರಶ್ನೆಯನ್ನು ಬಿಡಿಸಿದರು. ಎರಡು ಊರುಗಳ ನಡುವಣ ಅತಿ ಹತ್ತಿರದ ದಾರಿ ಯಾವುದು? ಹೊಸ ಗಣಕಯಂತ್ರದ ಶಕ್ತಿಯನ್ನು ಗಣಿತವರಿಯದ ಜನರಿಗೂ ತೋರಿಸಬೇಕಾಗಿತ್ತು; ಅದಕ್ಕೆಂದು ಹಾಲೆಂಡಿನ 64 ಊರುಗಳ ನಕ್ಷೆಯನ್ನು ಆರಿಸಿಕೊಂಡರು. ಕಾಫಿ ಅಂಗಡಿಯಲ್ಲಿ ಕುಳಿತು, ಕಾಗದ ಪೆನ್ಸಿಲು ಮುಟ್ಟದೆ, ಸುಮಾರು 20 ನಿಮಿಷಗಳಲ್ಲಿ ಹೊಳೆದ ವಿಧಿಯದು. ಅಚ್ಚಾದದ್ದು 1959ರಲ್ಲಿ. ನೋಡಿರಿ, ಹುಟ್ಟಿದಾಗಲೇ ಅದು ನೋಡುಗರಿಗಾಗಿ ಹುಟ್ಟಿತು!

ಇಂಥ ವಿಧಿಗಳನ್ನು ಚಲಿಸುವ ಚಿತ್ರಗಳಾಗಿ ಕಲಿಸುವ ತಂತ್ರಾಂಶಗಳು ಆಮೇಲೆ ಬಂದವು. 2011ರಲ್ಲಿ ಸಿಂಗಪುರದ ಸ್ಟೀವನ್ ಹಲೀಂ ಆರಂಭಿಸಿದ ವಿಷುಆಲ್ಗೊ ಅವುಗಳಲ್ಲೊಂದು. ಅದರಲ್ಲಿ ವಿದ್ಯಾರ್ಥಿಯೇ ಜಾಲವನ್ನು ಬರೆಯಬಹುದು. ವಿಧಿ ಹೆಜ್ಜೆ ಹೆಜ್ಜೆಯಾಗಿ ನಡೆದಂತೆ ಗೆರೆಗಳು ಬಣ್ಣ ಬದಲಿಸುತ್ತವೆ.

ಗಣಿತದ ಮಾಸ್ತರರು ಇದನ್ನು ತೋರಿಸಿದ ದಿನ ಕನ್ನಡ ಪಂಡಿತನಾದ ನಾನೂ ಹಿಂದಿನ ಬೆಂಚಿನಲ್ಲಿದ್ದೆ. ಬಣ್ಣ ಓಡಿತು, ಹುಡುಗರು ಹೋ ಎಂದರು, ಎಲ್ಲರಿಗೂ ತಿಳಿಯಿತೆಂದಾಯಿತು. ಒಬ್ಬನು ಮಾತ್ರ ಎದ್ದುನಿಂತ. "ಸುರಪುರಕ್ಕ ನೇರ ತಂತಿ ನಾಕು, ಶಹಾಪುರ ಸುತ್ತಿ ಬಂದ್ರ ಐದು. ಇದು ಕಡಿಮಿ ಹ್ಯಾಂಗಾತ್ರಿ ಸರ?"

ತಂತಿಯ ಲೆಕ್ಕವನ್ನೂ ದಾರಿಯ ಲೆಕ್ಕವನ್ನೂ ಅವನು ಬೆರೆಸಿದ್ದ. ಉಳಿದವರು ಬೆರೆಸಿದ್ದರೋ ಇಲ್ಲವೋ, ಚಿತ್ರ ಕೇಳಲಿಲ್ಲ. 2002ರಲ್ಲಿ ಹಂಡ್‌ಹೌಸೆನ್, ಡಗ್ಲಸ್, ಸ್ಟಾಸ್ಕೊ ಎಂಬವರು ಹಲವು ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದಾಗ, ಚಿತ್ರವು ತೋರಿಸುವುದಕ್ಕಿಂತ ವಿದ್ಯಾರ್ಥಿ ಅದರೊಡನೆ ಮಾಡುವುದೇ ಹೆಚ್ಚೆಂದು ಕಂಡಿದ್ದರು.

ಮಾಸ್ತರರು ಯಂತ್ರವನ್ನು ನಿಲ್ಲಿಸಿ ಸೀಮೆಸುಣ್ಣವನ್ನು ಅವನ ಕೈಗೆ ಕೊಟ್ಟರು. ಯಾದಗಿರಿಯಿಂದ ಹತ್ತಿರದ ದಾರಿಗಳನ್ನಷ್ಟೇ ಉಳಿಸಿ ತಂತಿ ಎಳೆ ಎಂದರು. ಅವನು 1, 3, 4 ಎಂದು ಗೆರೆ ಎಳೆದ, ಕೂಡಿಸಿ 8 ಎಂದು ಬರೆದ, ಪಕ್ಕದ 6ನ್ನು ನೋಡುತ್ತ ಹಾಗೆಯೇ ನಿಂತ.