ಪ್ಲೇಗುಮಾರಿಯನ್ನು ಅರಿತ ಬಗೆ

ನಮ್ಮ ನಾಡಿನ ಹಿಂದಿನ ತಲೆಯವರು ಕಾಲವನ್ನು ಇಸವಿಯಿಂದ ಎಣಿಸುತ್ತಿದ್ದುದು ಅಪೂರ್ವ. ಇವನು ಧಾತು ಈಶ್ವರದ ಬರಗಾಲದಲ್ಲಿ ಹುಟ್ಟಿದವನು, ಇವಳು ಮೊದಲನೆಯ ಪ್ಲೇಗಿನಲ್ಲಿ ತಾಯಿಯನ್ನು ಕಳೆದುಕೊಂಡವಳು ಎಂದು ಹೇಳುವುದೇ ವಾಡಿಕೆಯಾಗಿತ್ತು. ಬರಗಾಲಕ್ಕೆ ಸರಿಸಮನಾಗಿ ಜನರ ನೆನಪಿನಲ್ಲಿ ಬೇರೂರಿದ ಜಾಡ್ಯ ಪ್ಲೇಗು. ಪ್ಲೇಗಿನ ಹೆಸರಿನಿಂದಲೇ ಮಾರಮ್ಮನನ್ನು ಕರೆದು ಕಟ್ಟಿದ ಗುಡಿಗಳು ಇಂದಿಗೂ ಬೆಂಗಳೂರಿನ ಸೀಮೆಯಲ್ಲಿ ಉಂಟು. ಆ ಭಯವು ಎಷ್ಟು ದೊಡ್ಡದಾಗಿತ್ತೆಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ. ಈ ಮಹಾಮಾರಿಯನ್ನು ಮನುಷ್ಯನು ಅರಿತುಕೊಂಡ ಬಗೆ ಯಾವುದು, ಆ ಅರಿವು ರೋಗಿಯ ಹಾಸಿಗೆಯ ಬಳಿಗೆ ಬರಲು ಏಕೆ ತಡವಾಯಿತು ಎಂಬುದನ್ನು ನಾವು ಇಲ್ಲಿ ಸ್ವಲ್ಪ ವಿಚಾರಮಾಡೋಣ.

ಯಾವ ಅಂಟುಜಾಡ್ಯವೇ ಆಗಲಿ, ಅದನ್ನು ಗೆಲ್ಲಬೇಕಾದರೆ ನಾಲ್ಕು ಪ್ರಶ್ನೆಗಳಿಗೆ ಉತ್ತರ ದೊರೆಯಬೇಕು. ಅದನ್ನು ಉಂಟುಮಾಡುವುದು ಯಾವುದು? ಅದು ಒಬ್ಬರಿಂದ ಒಬ್ಬರಿಗೆ ಬರುವ ದಾರಿ ಯಾವುದು? ಎದುರಿಗೆ ಮಲಗಿರುವ ಈ ರೋಗಿಗೆ ಬಂದಿರುವುದು ಅದೇ ಎಂದು ತಿಳಿಯುವುದು ಹೇಗೆ? ತಿಳಿದ ಮೇಲೆ ಕೊಡತಕ್ಕ ಮದ್ದು ಯಾವುದು? ಪ್ಲೇಗಿನ ಚರಿತ್ರೆಯಲ್ಲಿ ಈ ನಾಲ್ಕು ಉತ್ತರಗಳೂ ಒಂದೇ ಕಾಲದಲ್ಲಿ ಬರಲಿಲ್ಲ. ಮೊದಲನೆಯದಕ್ಕೂ ಕೊನೆಯದಕ್ಕೂ ನಡುವೆ ಅರ್ಧ ಶತಮಾನದ ಅಂತರವಿತ್ತು. ಆ ಅಂತರದಲ್ಲಿ ಭಾರತದಲ್ಲಿ ಒಂದು ಕೋಟಿಗೂ ಮಿಕ್ಕ ಜನರು ಈ ಬೇನೆಯಿಂದ ಮಡಿದರು.

ಮೊದಲನೆಯ ಪ್ರಶ್ನೆಗೆ ಉತ್ತರ ದೊರೆತುದು ೧೮೯೪ರಲ್ಲಿ, ಹಾಂಗ್‌ಕಾಂಗ್ ನಗರದಲ್ಲಿ. ಅಲ್ಲಿ ಪ್ಲೇಗು ಹರಡಿದಾಗ ಜಪಾನಿನಿಂದ ಕಿಟಸಾಟೊ ಎಂಬ ವಿದ್ವಾಂಸರೂ, ಪ್ಯಾರಿಸ್ಸಿನ ಪಾಸ್ಚರ್ ಸಂಸ್ಥೆಗೆ ಸೇರಿದ ಅಲೆಕ್ಸಾಂಡರ್ ಯೆರ್ಸಿನ್ ಎಂಬವರೂ ಬಂದು ಬೇರೆಬೇರೆಯಾಗಿ ಶೋಧನೆಗೆ ಕೈಹಾಕಿದರು. ಯೆರ್ಸಿನ್ನರಿಗೆ ಆಸ್ಪತ್ರೆಯಲ್ಲಿ ಶವಪರೀಕ್ಷೆಗೆ ಅವಕಾಶ ದೊರೆಯಲಿಲ್ಲ. ಅವರು ಒಂದು ಹುಲ್ಲಿನ ಗುಡಿಸಿಲನ್ನು ಕಟ್ಟಿಕೊಂಡು, ಹೆಣಗಳನ್ನು ಹೂಳುವವರ ಕೈಗೆ ಇಷ್ಟು ಹಣವಿತ್ತು, ಸತ್ತವರ ತೊಡೆಸಂದಿನ ಗಡ್ಡೆಯನ್ನು ಕೊಯ್ದು ಅದರ ರಸವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರು. ಅಲ್ಲಿ ಕಿಕ್ಕಿರಿದಿದ್ದ ಗಿಡ್ಡ ಕಡ್ಡಿಯಾಕಾರದ ಕ್ರಿಮಿಯೇ ಪ್ಲೇಗಿನ ಬೀಜ. ಇಂದು ಆ ಕ್ರಿಮಿಗೆ ಅವರ ಹೆಸರೇ ಉಳಿದಿದೆ. ನಗರದಲ್ಲಿ ಸತ್ತು ಬಿದ್ದಿದ್ದ ಇಲಿಗಳಲ್ಲಿಯೂ ಅದೇ ಕ್ರಿಮಿಯನ್ನು ಅವರು ಕಂಡರು.

ಎರಡು ವರ್ಷಗಳ ತರುವಾಯ, ೧೮೯೬ರ ಸೆಪ್ಟೆಂಬರಿನಲ್ಲಿ, ಬೊಂಬಾಯಿಯ ಮಾಂಡವಿ ಪೇಟೆಯಲ್ಲಿ ಜ್ವರ ಮತ್ತು ಗಡ್ಡೆಗಳಿಂದ ನರಳುತ್ತಿದ್ದವರನ್ನು ನೋಡಿ, ಇದು ಪ್ಲೇಗೇ ಸರಿ ಎಂದು ಡಾಕ್ಟರ್ ಅಕಾಸಿಯೊ ವಿಯೆಗಾಸ್ ಎಂಬ ವೈದ್ಯರು ಸಾರಿದರು. ಹೀಗೆ ಬೇನೆಯು ನಮ್ಮ ದೇಶದ ಬಾಗಿಲಿಗೆ ಬಂದಾಗ ಅದನ್ನುಂಟುಮಾಡುವ ಕ್ರಿಮಿ ಯಾವುದೆಂಬುದು ಆಗಲೇ ತಿಳಿದಿತ್ತು. ಆದರೆ ಅದು ಬರುವ ದಾರಿ ತಿಳಿದಿರಲಿಲ್ಲ. ಕೊಳೆಯಿಂದ ಬರುವುದೆಂದು ಕೆಲವರು, ನೆಲದ ತೇವದಿಂದ ಬರುವುದೆಂದು ಕೆಲವರು, ರೋಗಿಯ ಬಟ್ಟೆಬರೆಗಳಿಂದ ಬರುವುದೆಂದು ಕೆಲವರು ವಾದಿಸಿದರು. ಅಧಿಕಾರಿಗಳು ಮನೆಗಳನ್ನು ಕಾರ್ಬಾಲಿಕ್ ನೀರಿನಿಂದ ತೊಳೆಯಿಸಿದರು, ನೆಲವನ್ನು ಅಗೆಯಿಸಿದರು, ಬಿಸಿಲು ಬೀಳಲೆಂದು ಮಾಡಿನ ಹೆಂಚುಗಳನ್ನು ತೆಗೆಯಿಸಿದರು. ಇಲಿಗಳು ಬೆದರಿ ಪಕ್ಕದ ಮನೆಗೆ ಓಡಿದವು. ಅವುಗಳ ಜೊತೆಯಲ್ಲಿಯೇ ಬೇನೆಯೂ ಹೋಯಿತು.

ದಾರಿಯನ್ನು ಅರಿಯದ ಭಯವು ಬಲಾತ್ಕಾರಕ್ಕೆ ಎಡೆಗೊಡುತ್ತದೆ. ೧೮೯೭ರ ಫೆಬ್ರವರಿಯಲ್ಲಿ ಸಾಂಕ್ರಾಮಿಕ ರೋಗಗಳ ಕಾಯಿದೆ ಹುಟ್ಟಿತು. ಅದರ ಬಲದಿಂದ ಮನೆಮನೆಯ ಶೋಧನೆ ನಡೆಯಿತು. ಪುಣೆಯಲ್ಲಿ ಈ ಕೆಲಸಕ್ಕೆ ಸೋಲ್ಜರುಗಳನ್ನೇ ನಿಯಮಿಸಿದರು. ಅಡಿಗೆಮನೆ ದೇವರಮನೆಗಳೆಂಬ ಎಣಿಕೆಯಿಲ್ಲದೆ ಒಳಹೊಕ್ಕು, ಗಡ್ಡೆ ಉಂಟೇ ಎಂದು ಹೆಂಗಸರ ಮೈಯನ್ನು ಪರೀಕ್ಷಿಸುತ್ತಾರೆಂಬ ಕೂಗು ಎದ್ದಿತು. ಅದೇ ವರ್ಷದ ಜೂನ್ ೨೨ರ ರಾತ್ರಿ ಪ್ಲೇಗಿನ ಅಧಿಕಾರಿಯಾದ ರ‍್ಯಾಂಡ್ ಎಂಬವರು ಚಾಪೇಕರ್ ಸಹೋದರರ ಗುಂಡಿಗೆ ಗುರಿಯಾದರು. ಅದರ ರಾಜಕೀಯವನ್ನು ನಾವು ಇಲ್ಲಿ ಬೆಳೆಸುವುದಿಲ್ಲ. ವೈದ್ಯಶಾಸ್ತ್ರಕ್ಕೆ ಆದ ನಷ್ಟವನ್ನು ಮಾತ್ರ ಗಮನಿಸಬೇಕು. ಜ್ವರ ಬಂದವನನ್ನು ಅಟ್ಟದ ಮೇಲೆ, ಕಣಜದ ಹಿಂದೆ ಬಚ್ಚಿಡುವುದನ್ನು ಜನರು ಕಲಿತರು. ಬಚ್ಚಿಟ್ಟ ರೋಗಿಗೆ ನಿದಾನವೂ ಇಲ್ಲ, ಚಿಕಿತ್ಸೆಯೂ ಇಲ್ಲ. ಅದೇ ವರ್ಷದ ಮಾರ್ಚಿಯಲ್ಲಿ, ಅದೇ ಪುಣೆಯಲ್ಲಿ, ಪ್ಲೇಗಿನವರ ಶುಶ್ರೂಷೆ ಮಾಡುತ್ತಲೇ ಬೇನೆ ತಗುಲಿ ಸಾವಿತ್ರಿಬಾಯಿ ಫುಲೆಯವರು ತೀರಿಕೊಂಡಿದ್ದರು. ರೋಗಿಯನ್ನು ಹುಡುಕಿಕೊಂಡು ಹೋಗುವ ರೀತಿ ಎರಡುಂಟು ಎಂಬುದಕ್ಕೆ ಆ ನಗರವೇ ಸಾಕ್ಷಿ.

೧೮೯೮ರಲ್ಲಿ ರೈಲಿನ ದಾರಿಯನ್ನು ಹಿಡಿದು ಬೇನೆಯು ಕನ್ನಡನಾಡಿಗೆ ಇಳಿಯಿತು. ಹುಬ್ಬಳ್ಳಿ ಧಾರವಾಡಗಳನ್ನು ಹಿಡಿದು, ಆಗಸ್ಟಿನಲ್ಲಿ ಬೆಂಗಳೂರನ್ನು ಮುಟ್ಟಿತು. ಮಹಾರಾಣಿ ಕೆಂಪನಂಜಮ್ಮಣ್ಣಿಯವರು ರಾಜಪ್ರತಿನಿಧಿಯಾಗಿದ್ದ ಕಾಲ ಅದು; ಶೇಷಾದ್ರಿ ಅಯ್ಯರ್ ಅವರು ದಿವಾನರು. ವಿ. ಪಿ. ಮಾಧವರಾಯರನ್ನು ಪ್ಲೇಗಿನ ಕಮಿಷನರಾಗಿ ನಿಯಮಿಸಿದರು. ಜನರು ಪೇಟೆಗಳನ್ನು ಬಿಟ್ಟು ಬಯಲಿನಲ್ಲಿ ಗುಡಿಸಿಲು ಹಾಕಿಕೊಂಡರು; ಊರುಗಳಿಗೆ ಓಡಿದವರು ಬಹುಮಂದಿ. ನಗರ ಮತ್ತು ದಂಡು ಎರಡೂ ಸೇರಿ ೧೮೯೧ರಲ್ಲಿ ೧,೮೦,೩೬೬ ಇದ್ದ ಜನಸಂಖ್ಯೆಯು ೧೯೦೧ರ ಗಣತಿಯಲ್ಲಿ ೧,೫೯,೦೪೬ಕ್ಕೆ ಇಳಿಯಿತು. ಮೊದಲೇ ಯೋಜಿಸಿದ್ದ ಬಸವನಗುಡಿ, ಮಲ್ಲೇಶ್ವರಗಳೆಂಬ ಬಡಾವಣೆಗಳು ಅಗಲವಾದ ಬೀದಿಗಳೊಡನೆ ಬೆಳೆದುದು ಈ ಭಯದ ನೆರಳಿನಲ್ಲಿ. ೧೮೯೭ರಲ್ಲಿ ಮಹಾರಾಣಿಯವರು ಶಂಕುಸ್ಥಾಪನೆ ಮಾಡಿದ್ದ ವಿಕ್ಟೋರಿಯಾ ಆಸ್ಪತ್ರೆಯು ೧೯೦೦ರ ಡಿಸೆಂಬರಿನಲ್ಲಿ ಬಾಗಿಲು ತೆರೆಯಿತು. ಮೈಸೂರು ನಗರವನ್ನು ಹಸನುಗೊಳಿಸಲು ೧೯೦೩ರಲ್ಲಿ ಒಂದು ಮಂಡಲಿಯೇ ಏರ್ಪಟ್ಟಿತು.

ಬೆಂಗಳೂರಿಗೆ ಬೇನೆ ಬರುವುದಕ್ಕೆ ಎರಡು ತಿಂಗಳ ಮುಂಚೆ, ೧೮೯೮ರ ಜೂನ್ ೨ರಂದು, ಕರಾಚಿಯಲ್ಲಿ ಎರಡನೆಯ ಪ್ರಶ್ನೆಗೆ ಉತ್ತರ ದೊರೆತಿತ್ತು. ಪಾಲ್ ಲೂಯಿ ಸಿಮಾಂಡ್ ಎಂಬ ಫ್ರೆಂಚ್ ವೈದ್ಯರು ಪ್ಲೇಗಿನ ಮನೆಯಲ್ಲಿ ಹಿಡಿದ ರೋಗದ ಇಲಿಯೊಂದನ್ನು ದೊಡ್ಡ ಗಾಜಿನ ಪಾತ್ರೆಯಲ್ಲಿಟ್ಟು, ಬೆಕ್ಕಿನ ಮೈಯಿಂದ ತೆಗೆದ ಚಿಗಟಗಳನ್ನೂ ಅದರೊಳಕ್ಕೆ ಬಿಟ್ಟರು. ಸಣ್ಣ ತಂತಿಯ ಪಂಜರದಲ್ಲಿ ಆರೋಗ್ಯವಾದ ಮತ್ತೊಂದು ಇಲಿಯನ್ನು ಮೇಲೆ ತೂಗಿಸಿದರು. ಒಂದನ್ನೊಂದು ಮುಟ್ಟುವಂತಿರಲಿಲ್ಲ. ಕೆಳಗಿನ ಇಲಿ ಸತ್ತಿತು. ಕೆಲವು ದಿನಗಳಲ್ಲಿ ಮೇಲಿನದೂ ಸತ್ತಿತು. ಅದರ ನೆತ್ತರಿನಲ್ಲಿ ಪ್ಲೇಗಿನ ಕ್ರಿಮಿ ತುಂಬಿತ್ತು. ಚಿಗಟಗಳಿಲ್ಲದೆ ಇಲಿಗಳನ್ನು ಒಟ್ಟಿಗಿಟ್ಟಾಗ ಬೇನೆ ಹರಡಲಿಲ್ಲ. ಇಲಿ ಸತ್ತು ಮೈ ತಣ್ಣಗಾದೊಡನೆ ಚಿಗಟವು ಬೇರೆ ಬಿಸಿನೆತ್ತರನ್ನು ಅರಸುತ್ತದೆ. ಮತ್ತೊಂದು ಇಲಿ ದೊರೆಯದಿದ್ದರೆ ಮನುಷ್ಯನನ್ನು ಕಚ್ಚುತ್ತದೆ. ರಹಸ್ಯವು ಇಷ್ಟೇ.

ಆದರೆ ಪಂಡಿತರು ಇದನ್ನು ನಂಬಲಿಲ್ಲ. ೧೯೦೫ರಲ್ಲಿ ಏರ್ಪಟ್ಟ ಹೊಸ ಸಮಿತಿಯವರು ಬೊಂಬಾಯಿಯಲ್ಲಿ ಗಿನಿಹಂದಿಗಳನ್ನು ಕೆಲವನ್ನು ನೆಲದ ಬಳಿ, ಕೆಲವನ್ನು ಚಿಗಟ ಹಾರಲಾರದ ಎತ್ತರದಲ್ಲಿ ಇಟ್ಟು ನೋಡಿ, ಕೆಳಗಿನವು ಸತ್ತು ಮೇಲಿನವು ಉಳಿದುದನ್ನು ಕಂಡ ಮೇಲೆಯೇ ಸಿಮಾಂಡರ ಮಾತು ನೆಲೆನಿಂತಿತು. ಇಲ್ಲಿ ಒಂದು ಸಂಗತಿಯನ್ನು ಹೇಳದೆ ಮುಂದೆ ಹೋಗಲಾಗದು. ಮನೆಯಲ್ಲಿ ಇಲಿ ಬಿದ್ದರೆ ಮನೆ ಬಿಡಬೇಕು ಎಂಬ ತಿಳಿವಳಿಕೆಯು ನಮ್ಮ ರೈತರಿಗೆ ಬೇಗನೆ ಬಂದಿತ್ತು. ಇಲಿ ಬಿದ್ದಿತೆಂದು ಕಂಡೊಡನೆ ಹೊಲದಲ್ಲಿ ಸೋಗೆಯ ಗುಡಿಸಿಲು ಹಾಕಿಕೊಂಡು ಹೋಗಿಬಿಡುತ್ತಿದ್ದರು. ಕಾರಣವನ್ನು ಅವರು ದೇವಿಯ ಮುನಿಸೆಂದು ತಿಳಿದಿರಬಹುದು. ಮಾಡಿದ ಕಾರ್ಯ ಮಾತ್ರ ಸರಿಯಾಗಿತ್ತು. ಶಾಸ್ತ್ರವು ಸಿದ್ಧಾಂತವನ್ನು ಕಾಯುತ್ತ ಕುಳಿತಿದ್ದಾಗ ಅನುಭವವು ಎಷ್ಟೋ ಜೀವಗಳನ್ನು ಉಳಿಸಿತು.

ಮದ್ದಿಲ್ಲದಿದ್ದ ಆ ದಿನಗಳಲ್ಲಿ ಮುನ್ನೆಚ್ಚರಿಕೆಯ ಚುಚ್ಚುಮದ್ದನ್ನು ಕೊಟ್ಟವರು ವಾಲ್ಡೆಮಾರ್ ಹಾಫ್ಕಿನ್. ಪ್ಲೇಗಿನ ಕ್ರಿಮಿಯನ್ನು ಸಾರಿನಲ್ಲಿ ಬೆಳೆಸಿ, ಕಾಯಿಸಿ ಕೊಂದು ಮಾಡಿದ ಲಸಿಕೆಯನ್ನು ಅವರು ೧೮೯೭ರ ಜನವರಿ ೧೦ರಂದು ಮೊದಲು ತಮ್ಮ ಮೈಗೇ ಚುಚ್ಚಿಸಿಕೊಂಡರು. ಮರುವರ್ಷ ಹುಬ್ಬಳ್ಳಿಯಲ್ಲಿ ಲ್ಯೂಮನ್ ಎಂಬ ವೈದ್ಯರ ಮೇಲ್ವಿಚಾರಣೆಯಲ್ಲಿ ಹಲವು ಸಾವಿರ ಜನರು ಅದನ್ನು ಹಾಕಿಸಿಕೊಂಡರು. ಲಸಿಕೆಯ ಗುಣವನ್ನು ಜಗತ್ತಿಗೆ ತೋರಿಸಿದ ಊರುಗಳಲ್ಲಿ ಹುಬ್ಬಳ್ಳಿಯೂ ಒಂದು. ಹೀಗಿರಲು ೧೯೦೨ರ ಅಕ್ಟೋಬರಿನಲ್ಲಿ ಪಂಜಾಬಿನ ಮುಲ್ಕೋವಾಲ್ ಎಂಬ ಹಳ್ಳಿಯಲ್ಲಿ ಒಂದೇ ಸೀಸೆಯ ಲಸಿಕೆ ಹಾಕಿಸಿಕೊಂಡ ೧೯ ಮಂದಿ ಧನುರ್ವಾಯುವಿನಿಂದ ಸತ್ತರು. ಹಾಫ್ಕಿನ್ನರು ಅಧಿಕಾರವನ್ನು ಕಳೆದುಕೊಂಡರು. ಸೀಸೆಯನ್ನು ತೆರೆಯುವಾಗ ಚಿಮಟವು ನೆಲಕ್ಕೆ ಬಿದ್ದುದನ್ನು ಚೆನ್ನಾಗಿ ಶುದ್ಧಿಮಾಡದೆ ಬಳಸಿದ್ದರೆಂಬ ಅಂಶವು ಹೊರಬಿದ್ದು, ಅವರು ದೋಷಮುಕ್ತರಾದುದು ೧೯೦೭ರಲ್ಲಿ. ಒಂದು ಚಿಮಟದ ಅಜಾಗ್ರತೆಯು ಹತ್ತೊಂಬತ್ತು ಮನೆಗಳನ್ನು ಹಾಳುಮಾಡಿತು. ಲಸಿಕೆಯ ಹೆಸರು ಕೇಳಿ ಹಿಂಜರಿದು ಸತ್ತವರ ಲೆಕ್ಕವನ್ನು ಇಟ್ಟವರಾರು?

ಇನ್ನು ನಿದಾನದ ವಿಚಾರ. ನಿದಾನ ಬೇರೆ, ನಿಧಾನ ಬೇರೆ. ಪ್ಲೇಗಿನಲ್ಲಿ ನಿದಾನಕ್ಕೆ ನಿಧಾನವು ಸಲ್ಲದು. ಚಿಗಟ ಕಚ್ಚಿದ ಕೆಲವು ದಿನಗಳಲ್ಲಿ ಚಳಿಜ್ವರ, ತಲೆನೋವು, ಅತಿಯಾದ ನಿತ್ರಾಣ; ಅನಂತರ ತೊಡೆಸಂದಿನಲ್ಲಿಯೋ ಕಂಕುಳಲ್ಲಿಯೋ ಕುತ್ತಿಗೆಯಲ್ಲಿಯೋ ಮುಟ್ಟಗೊಡದಷ್ಟು ನೋಯುವ ಗಡ್ಡೆ. ಬೇನೆಯು ಶ್ವಾಸಕೋಶಕ್ಕೆ ಇಳಿದರೆ ನೆತ್ತರು ಬೆರೆತ ಕಫ ಬರುತ್ತದೆ. ಆಗ ಚಿಗಟದ ಹಂಗಿಲ್ಲದೆ ಕೆಮ್ಮಿನ ತುಂತುರಿನಿಂದಲೇ ಅದು ಹರಡುತ್ತದೆ. ವೈದ್ಯರು ಗಡ್ಡೆಯ ರಸವನ್ನೋ ಕಫವನ್ನೋ ನೆತ್ತರನ್ನೋ ತೆಗೆದು ಬಣ್ಣ ಹಾಕಿ ನೋಡುತ್ತಾರೆ. ಕ್ರಿಮಿಯ ಎರಡು ತುದಿಗಳು ಮಾತ್ರ ಕಪ್ಪಾಗಿ ಕಾಣುವುದು ಸಂದೇಹಕ್ಕೆ ಕಾರಣ; ಅದನ್ನು ಬೆಳೆಸಿ ನೋಡುವುದು ನಿಶ್ಚಯಕ್ಕೆ ಆಧಾರ. ಇಂದು ಕಾಲು ಗಂಟೆಯಲ್ಲಿ ಸೂಚನೆ ಕೊಡುವ ಪರೀಕ್ಷಾಪಟ್ಟಿಗಳೂ ಬಂದಿವೆ. ಆದರೂ ಸಂದೇಹ ಬಲವಾದೊಡನೆ, ಪರೀಕ್ಷೆಗೆ ವಸ್ತುವನ್ನು ತೆಗೆದುಕೊಂಡು, ಉತ್ತರವನ್ನು ಕಾಯದೆ ಮದ್ದನ್ನು ಆರಂಭಿಸಬೇಕೆಂಬುದೇ ನಿಯಮ.

ಆ ಮದ್ದು ದೊರೆತುದು ೧೯೪೦ರ ದಶಕದಲ್ಲಿ. ಮೊದಲು ಸಲ್ಫಾ ಔಷಧಗಳು ಬಂದವು. ೧೯೪೩ರಲ್ಲಿ ಕಂಡುಹಿಡಿದ ಸ್ಟ್ರೆಪ್ಟೊಮೈಸಿನ್ ಅವುಗಳನ್ನು ಮೀರಿಸಿತು. ಇಂದು ಜೆಂಟಾಮೈಸಿನ್, ಡಾಕ್ಸಿಸೈಕ್ಲಿನ್ ಮೊದಲಾದವೂ ಉಂಟು. ಚಿಕಿತ್ಸೆ ಇಲ್ಲದಿದ್ದರೆ ಗಡ್ಡೆಯ ಪ್ಲೇಗಿನಲ್ಲಿ ನೂರಕ್ಕೆ ೩೦ರಿಂದ ೬೦ ಮಂದಿ ಸಾಯುತ್ತಾರೆ. ಶ್ವಾಸಕೋಶದ ಪ್ಲೇಗಿನಲ್ಲಿ ಬದುಕುವವರೇ ವಿರಳ. ಹೊತ್ತಿಗೆ ಮದ್ದು ಬಿದ್ದರೆ ಬಹುಮಂದಿ ಉಳಿಯುತ್ತಾರೆ. ಒಂದು ಕಾಲಕ್ಕೆ ಊರನ್ನೇ ಖಾಲಿಮಾಡಿಸಿದ ಮಾರಿಗೆ ಇಂದು ಸಾಧಾರಣವಾದ ಆಸ್ಪತ್ರೆಯಲ್ಲಿಯೂ ಮದ್ದುಂಟು.

ಹಾಗಾದರೆ ಕಥೆ ಮುಗಿಯಿತೇ? ಮುಗಿಯಲಿಲ್ಲ. ೧೯೯೪ರಲ್ಲಿ ಸೂರತ್ ನಗರದಲ್ಲಿ ಪ್ಲೇಗು ಎಂಬ ಮಾತು ಎದ್ದಾಗ, ಮದ್ದು ಅಂಗಡಿಯಲ್ಲಿಯೇ ಇದ್ದರೂ, ಲಕ್ಷಾಂತರ ಜನರು ರಾತ್ರೋರಾತ್ರಿ ರೈಲು ಬಸ್ಸುಗಳನ್ನು ಹತ್ತಿ ಓಡಿದರು. ಆ ವರ್ಷ ಐವತ್ತಕ್ಕೂ ಹೆಚ್ಚು ಮಂದಿ ಸತ್ತರು. ೨೦೧೭ರಲ್ಲಿ ಮಡಗಾಸ್ಕರ್ ದ್ವೀಪದಲ್ಲಿ ಬೇನೆ ಮತ್ತೆ ತಲೆಯೆತ್ತಿತು. ಕಾಡುಮೇಡುಗಳ ಇಲಿಹೆಗ್ಗಣಗಳ ಕುಲದಲ್ಲಿ ಅದು ಇಂದಿಗೂ ಅಡಗಿಕೊಂಡಿದೆ.

ಆರಂಭದಲ್ಲಿ ನಾಲ್ಕು ಪ್ರಶ್ನೆಗಳನ್ನು ಹೇಳಿದೆವು. ಚರಿತ್ರೆಯನ್ನು ನೋಡಿದ ಮೇಲೆ ಐದನೆಯದೊಂದನ್ನು ಸೇರಿಸಬೇಕಾಗಿದೆ: ರೋಗಿಯ ಮನೆಯವರು ವೈದ್ಯನಿಗೆ ಬಾಗಿಲು ತೆಗೆಯುವರೇ? ಮೊದಲಿನ ನಾಲ್ಕಕ್ಕೆ ಶಾಸ್ತ್ರವು ಉತ್ತರ ಕೊಟ್ಟಿದೆ. ಐದನೆಯದಕ್ಕೆ ಉತ್ತರವು ಸೂಕ್ಷ್ಮದರ್ಶಕದಲ್ಲಿ ಕಾಣತಕ್ಕದ್ದಲ್ಲ. ಅಧಿಕಾರದಲ್ಲಿರುವವರು ಮರ್ಯಾದೆಯಿಂದ ಬಾಗಿಲು ತಟ್ಟಬೇಕು. ಚಿಮಟ ನೆಲಕ್ಕೆ ಬಿದ್ದರೆ ಅದನ್ನು ಮತ್ತೆ ಶುದ್ಧಿಮಾಡುವಷ್ಟು ಎಚ್ಚರವು ಔಷಧ ಹಾಕುವವರಲ್ಲಿರಬೇಕು. ಮನೆಯವರು ಜ್ವರವನ್ನು ಮುಚ್ಚಿಡದೆ ಅಂದೇ ಹೇಳಬೇಕು. ಈ ಮೂರರಲ್ಲಿ ಒಂದು ತಪ್ಪಿದರೂ ಮದ್ದು ಸೀಸೆಯಲ್ಲಿಯೇ ಉಳಿಯುತ್ತದೆ, ರೋಗಿ ಅಟ್ಟದ ಮೇಲೆಯೇ ಉಳಿಯುತ್ತಾನೆ. ಪ್ಲೇಗಿಗೆ ಹೇಗೋ ಉಳಿದ ಅಂಟುಜಾಡ್ಯಗಳಿಗೂ ಹಾಗೆಯೇ. ಇಷ್ಟನ್ನು ವಾಚಕ ಮಹಾಶಯರ ಗಮನಕ್ಕೆ ತಂದು ನಾವು ವಿರಮಿಸುತ್ತೇವೆ.